ಊಟಿಯಲ್ಲಿ ಬರಹ ಶುರು ಮಾಡಿದ ಕೃಪಾಬಾಯಿ

ಇಂಗ್ಲಿಷಿನಲ್ಲಿ ಕಾದಂಬರಿ ಬರೆದ ಮೊದಮೊದಲ ಭಾರತೀಯ ಮಹಿಳೆಯರಲ್ಲಿ ಕೃಪಾಬಾಯಿ ಸತ್ಯನಾಥನ್ ಒಬ್ಬರು. 1862ರಲ್ಲಿ ಅಹ್ಮದ್‌ನಗರದಲ್ಲಿ ಹುಟ್ಟಿದರು. ಹೆತ್ತವರು ಬ್ರಾಹ್ಮಣ ಸಮುದಾಯದಿಂದ ಕ್ರೈಸ್ತರಾದವರು.

ಕೃಪಾಬಾಯಿಗೆ ಡಾಕ್ಟರ್ ಆಗುವ ಆಸೆಯಿತ್ತು. ಆರೋಗ್ಯ ಸರಿಯಿಲ್ಲವೆಂದು ಇಂಗ್ಲೆಂಡಿನಲ್ಲಿ ಕಲಿಯುವ ಅವಕಾಶ ಕೈತಪ್ಪಿತು. 1878ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಮೊದಲ ವರ್ಷ ಚೆನ್ನಾಗಿಯೇ ಪಾಸಾದರು. ಆದರೆ ದೇಹ ಕೈಕೊಟ್ಟಿತು, ಓದು ಅಲ್ಲಿಗೇ ನಿಂತಿತು.

ಮದುವೆಯಾದ ಮೇಲೆ ಊಟಿಗೆ ಬಂದರು. ಗಂಡ ಸ್ಯಾಮ್ಯುಯೆಲ್ ಅಲ್ಲಿನ ಬ್ರೀಕ್ಸ್ ಸ್ಮಾರಕ ಶಾಲೆಯ ಮುಖ್ಯೋಪಾಧ್ಯಾಯರು. ಕೃಪಾಬಾಯಿ ಸುಮ್ಮನೆ ಕೂರಲಿಲ್ಲ. ಚರ್ಚ್ ಮಿಷನರಿ ಸೊಸೈಟಿಯ ನೆರವು ಪಡೆದು ಮುಸ್ಲಿಂ ಹೆಣ್ಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಹೆಣ್ಮಕ್ಕಳನ್ನು ಶಾಲೆಗೆ ಕಳಿಸುವುದೇ ಅಪರೂಪವಾಗಿದ್ದ ಕಾಲವದು.

ಬರಹ ಶುರುವಾದದ್ದೂ ಊಟಿಯಲ್ಲೇ. ನೀಲಗಿರಿಯ ತೋಡರನ್ನು ಕಂಡು ಬಂದು ಬರೆದ ಲೇಖನ ಪತ್ರಿಕೆಯಲ್ಲಿ ಅಚ್ಚಾಯಿತು. ಆದರೆ ಅದರಲ್ಲಿ ಅವರ ಹೆಸರಿರಲಿಲ್ಲ, ‘ಆನ್ ಇಂಡಿಯನ್ ಲೇಡಿ’ ಅಂತ ಮಾತ್ರ ಇತ್ತು.

ಕೆಲವೇ ವರ್ಷಗಳಲ್ಲಿ ಅದೇ ಕೈ ಕಾದಂಬರಿ ಬರೆಯಿತು. ಓದಿಗಾಗಿ ಹಂಬಲಿಸುವ ಹುಡುಗಿಯೊಬ್ಬಳ ಕಥೆ ‘ಸಗುಣ’ 1887-88ರಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದು ಬಹುಪಾಲು ಅವರದ್ದೇ ಬದುಕು. ಆಮೇಲೆ ಕಾಯಿಲೆಯ ನಡುವೆಯೇ ‘ಕಮಲಾ’ ಬರೆದು ಮುಗಿಸಿದರು.

1894ರಲ್ಲಿ, 32ರ ಹರೆಯದಲ್ಲಿ, ತೀರಿಹೋದರು. ‘ಸಗುಣ’ ಪುಸ್ತಕವಾಗಿ ಬಂದದ್ದು ಮರುವರ್ಷ. ಹೆಸರಿಲ್ಲದೆ ಬರೆಯಲು ಶುರು ಮಾಡಿದ ಆ ಹೆಣ್ಮಗಳನ್ನು ಜನ ಇವತ್ತಿಗೂ ಹೆಸರಿಟ್ಟೇ ನೆನೆಯುತ್ತಾರೆ.