ಲೆಕ್ಕ ಬಿಚ್ಚಿಟ್ಟ ದಿವಾನ

ಬಜೆಟ್ ಅಂದ್ರೆ ಯಾರ ಮುಂದೆ ಲೆಕ್ಕ ಒಪ್ಪಿಸ್ತೀವಿ ಅನ್ನೋ ಪ್ರಶ್ನೆ. ಈ ಮಾತು ಬಂದಾಗೆಲ್ಲ ನನಗೆ ನೆನಪಾಗೋದು ದಿವಾನ್ ರಂಗಾಚಾರ್ಲು.

1831ರಲ್ಲಿ ಹುಟ್ಟಿ, ಮದರಾಸು ಸರ್ಕಾರದ ನೌಕರಿಯಲ್ಲಿದ್ದು, 1868ರಲ್ಲಿ ಮೈಸೂರಿಗೆ ಬಂದವರು. 1881ರ ಮಾರ್ಚ್‌ನಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ ದಿವಾನರಾದರು. ಕೈಗೆ ಸಿಕ್ಕಿದ್ದು 1876-78ರ ಬರಗಾಲ ನುಂಗಿದ ಖಜಾನೆ: 80 ಲಕ್ಷ ರೂಪಾಯಿ ಸಾಲ, ಮೇಲೆ ಬ್ರಿಟಿಷರಿಗೆ ವರ್ಷಕ್ಕೆ ಇಪ್ಪತ್ನಾಲ್ಕೂವರೆ ಲಕ್ಷ ಕಪ್ಪ.

ಇಂಥ ಹೊತ್ತಲ್ಲಿ ಲೆಕ್ಕ ಮುಚ್ಚಿಡೋದೇ ಸುಲಭ. ಅವರು ಅದೇ ಅಕ್ಟೋಬರ್ 7ರಂದು ಮೈಸೂರಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ಕಡೂರು ಆಗ ಜಿಲ್ಲೆ. ತರೀಕೆರೆ, ಅಜ್ಜಂಪುರ ಅದರೊಳಗೇ. ಅಲ್ಲಿಂದಲೂ ಸೇರಿ, ಎಲ್ಲ ಜಿಲ್ಲೆಗಳಿಂದ ಬಂದ 144 ರೈತರು, ವರ್ತಕರ ಮುಂದೆ ಆಡಳಿತದ ವರದಿ ಓದಿದರು.

ಸಭೆಗೆ ಮತದ ಹಕ್ಕಿರಲಿಲ್ಲ. ಬಂದವರು ಉಳ್ಳವರೇ. ಚುನಾವಣೆ ಶುರುವಾಗಿದ್ದು 1891ರಲ್ಲಿ. ರಂಗಾಚಾರ್ಲು 1883ರ ಜನವರಿಯಲ್ಲೇ ತೀರಿಕೊಂಡಿದ್ದರು.

ವಿಶ್ವಸಂಸ್ಥೆ 1986ರಿಂದ ತನ್ನ ಬಜೆಟ್ಟಿಗೆ ಒಮ್ಮತ ಹುಡುಕ್ತಿದೆ. ನಮ್ಮಲ್ಲಿ ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ 5,300 ಕೋಟಿ ಘೋಷಿಸಿತು. ಆ ಹಣಕ್ಕೆ ದಿಲ್ಲಿ, ಬೆಂಗಳೂರು ಜಗಳವಾಡಿದವು. ಅಜ್ಜಂಪುರದ ಸುರಂಗ ಹಾದು ಬರೋ ನೀರಿನ ಲೆಕ್ಕವನ್ನು ಈ ಮೂರು ತಾಲ್ಲೂಕಿನ ಜನರ ಮುಂದೆ ಯಾರು ಓದ್ತಾರೆ? ಒಪ್ಪಿಗೆ ಆಮೇಲಿನ ಮಾತು, ಮೊದಲು ಲೆಕ್ಕ ಕೇಳೋಣ.