ಕೋಳಿಗೂಡಿಗೆ ಬಂದ ವಿಜ್ಞಾನಿ: ಲೂಯಿ ಪಾಶ್ಚರ್

ಮಕ್ಕಳೇ, ಕೋಳಿ ಸಾಕಿದವರ ಮನೆಯಲ್ಲಿ ಇದನ್ನು ನೀವು ಕಂಡಿರಬಹುದು. ನಿನ್ನೆ ತಿಪ್ಪೆ ಕೆದಕುತ್ತಿದ್ದ ಕೋಳಿ ಇಂದು ಗರಿ ಉಬ್ಬಿಸಿಕೊಂಡು, ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ತೂಕಡಿಸುತ್ತದೆ. ಬೆಳಗಾಗುವಷ್ಟರಲ್ಲಿ ಸತ್ತಿರುತ್ತದೆ. ಆಮೇಲೆ ಒಂದರ ಹಿಂದೆ ಒಂದು ಸತ್ತು ಗೂಡೇ ಖಾಲಿಯಾಗುತ್ತದೆ. ಸುಮಾರು 150 ವರ್ಷಗಳ ಹಿಂದೆ ಫ್ರಾನ್ಸ್ ದೇಶದ ರೈತರನ್ನು ಇಂಥದೇ ರೋಗವೊಂದು ಕಾಡುತ್ತಿತ್ತು. ಅದೇ ಕೋಳಿ ಕಾಲರಾ. ಮನುಷ್ಯರಿಗೆ ಬರುವ ಕಾಲರಾ ಬೇರೆ, ಇದು ಬೇರೆ.

ಇದನ್ನು ಬೆನ್ನಟ್ಟಿದ ಲೂಯಿ ಪಾಶ್ಚರ್ ವೈದ್ಯರೂ ಅಲ್ಲ, ಪಶುವೈದ್ಯರೂ ಅಲ್ಲ, ರಸಾಯನ ವಿಜ್ಞಾನಿ. 1822ರ ಡಿಸೆಂಬರ್ 27ರಂದು ಡೋಲ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಚರ್ಮ ಹದ ಮಾಡುವ ಕಸುಬಿನವರು. 1865ರಿಂದ ಪಾಶ್ಚರ್ ರೇಷ್ಮೆ ಹುಳುಗಳ ರೋಗದ ಅಧ್ಯಯನಕ್ಕೆ ತೊಡಗಿದರು. ನಮ್ಮ ರಾಜ್ಯದ ರೇಷ್ಮೆ ಮೊಟ್ಟೆ ಕೇಂದ್ರಗಳಲ್ಲಿ ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುತ್ತಾರಲ್ಲ, ಆ ಕ್ರಮ ಅವರು ಹಾಕಿಕೊಟ್ಟದ್ದು. ಆ ವರ್ಷಗಳು ಅವರಿಗೆ ಕಷ್ಟದ ಕಾಲ. 1859ರಿಂದ 1866ರೊಳಗೆ ಮೂವರು ಹೆಣ್ಣುಮಕ್ಕಳು ತೀರಿಕೊಂಡರು. ಅವರಲ್ಲಿ ಇಬ್ಬರು ಟೈಫಾಯ್ಡ್‌ನಿಂದ. 1868ರಲ್ಲಿ ಪಾರ್ಶ್ವವಾಯು ಹೊಡೆದು ದೇಹದ ಎಡಭಾಗ ಸ್ವಾಧೀನ ತಪ್ಪಿತು. ಆದರೂ ಪ್ರಯೋಗ ನಿಲ್ಲಲಿಲ್ಲ.

ಟೂಲೂಸ್‌ನ ಪಶುವೈದ್ಯ ವಿಜ್ಞಾನಿ ಟೂಸೆಂಟ್ ಅವರಿಂದ ಕೋಳಿ ಕಾಲರಾದ ರೋಗಾಣು ಪಾಶ್ಚರ್ ಕೈಸೇರಿತು. ಅದನ್ನು ಬೆಳೆಸಲು ಅವರು ಬಳಸಿದ್ದೇನು ಗೊತ್ತೇ? ಕೋಳಿಮಾಂಸದ ಸಾರು! ಆ ಸಾರಿನ ಕೆಲವೇ ಹನಿಗಳನ್ನು ತಿನಿಸಿಗೆ ಹಾಕಿದರೂ ಕೋಳಿ ರೋಗಕ್ಕೆ ಬೀಳುತ್ತಿತ್ತು. ರೋಗಾಣು ಕರುಳಿನಲ್ಲಿ ಹೆಚ್ಚಿ ಹಿಕ್ಕೆಯಲ್ಲಿ ಹೊರಬರುತ್ತಿತ್ತು; ಆ ನೆಲದಲ್ಲೇ ಕಾಳು ಹೆಕ್ಕಿದ ಬೇರೆ ಕೋಳಿಗಳೂ ಸಾಯುತ್ತಿದ್ದವು. ಇನ್ನೊಂದು ಸಂಗತಿ ನನಗೆ ಬಹಳ ಕುತೂಹಲದ್ದು. ಗಿನಿಪಿಗ್‌ಗೆ ಇದೇ ರೋಗಾಣು ಚುಚ್ಚಿದರೆ ಒಂದು ಕುರು ಏಳುತ್ತಿತ್ತು, ಅಷ್ಟೆ. ಪ್ರಾಣಿ ತಿಂದುಂಡು ಆರಾಮವಾಗಿರುತ್ತಿತ್ತು. ಆದರೆ ಕುರುವಿನ ಕೀವು ತಾಗಿದ ಕೋಳಿಗೆ ಸಾವೇ ಗತಿ. ನೋಡಲು ಗಟ್ಟಿಮುಟ್ಟಾದ ಪ್ರಾಣಿಯೂ ರೋಗ ಹೊತ್ತು ತರಬಲ್ಲದು ಎಂಬುದು ಹೀಗೆ ತಿಳಿಯಿತು.

ಹಾಗಾದರೆ ರೈತರು ಏನು ಮಾಡಬೇಕು? ಕೋಳಿಗಳನ್ನು ಕೆಲವು ದಿನ ಬೇರೆ ಬೇರೆ ಇಡಿ, ಗೊಬ್ಬರ ಬಳಿದು ತೆಗೆಯಿರಿ, ಅಂಗಳವನ್ನು ಚೆನ್ನಾಗಿ ತೊಳೆಯಿರಿ ಎಂದು ಪಾಶ್ಚರ್ ತಿಳಿಸಿದರು. ಇಂದಿಗೂ ಕೋಳಿ ಫಾರಂಗಳಲ್ಲಿ ಹೊಸದಾಗಿ ತಂದ ಅಥವಾ ಪ್ರದರ್ಶನಕ್ಕೆ ಹೋಗಿಬಂದ ಕೋಳಿಯನ್ನು ಕೆಲವು ವಾರ ಪ್ರತ್ಯೇಕ ಇಡುವುದು ಈ ಕಾರಣಕ್ಕೇ.

ಅಷ್ಟರಲ್ಲಿ ಇನ್ನೊಂದು ಬೆಳವಣಿಗೆ. ಬಹಳ ದಿನ ಇಟ್ಟ ಹಳೆಯ ಸಾರನ್ನು ಚುಚ್ಚಿದಾಗ ಕೋಳಿಗಳು ಕಾಯಿಲೆ ಬಿದ್ದರೂ ಚೇತರಿಸಿಕೊಂಡವು. ಅವುಗಳಿಗೇ ಮತ್ತೆ ತಾಜಾ ರೋಗಾಣು ಕೊಟ್ಟಾಗಲೂ ಬದುಕಿದವು! ರಜೆಯಲ್ಲಿ ಮರೆತಿಟ್ಟ ಸಾರಿನಿಂದ ಆದ ಆಕಸ್ಮಿಕ ಇದು ಎಂಬ ಕಥೆ ಪ್ರಸಿದ್ಧ. ಆದರೆ ಪಾಶ್ಚರ್ ಅವರ ದಿನಚರಿ ಪುಸ್ತಕಗಳನ್ನು ಓದಿದ ಇತಿಹಾಸಕಾರರು ಹೇಳುವುದೇ ಬೇರೆ: ಅವರ ಸಹಾಯಕ ಎಮಿಲ್ ರೂ ತಿಂಗಳುಗಟ್ಟಲೆ ತಾಳ್ಮೆಯಿಂದ ಪ್ರಯೋಗ ಮಾಡಿದ್ದರು. 1880ರ ಫೆಬ್ರವರಿಯಲ್ಲಿ ಪಾಶ್ಚರ್ ಈ ಶೋಧವನ್ನು ವಿಜ್ಞಾನ ಅಕಾಡೆಮಿಯ ಮುಂದಿಟ್ಟರು. ಪ್ರಯೋಗಾಲಯದಲ್ಲಿ ರೋಗಾಣುವನ್ನು ದುರ್ಬಲಗೊಳಿಸಿ ಲಸಿಕೆ ಮಾಡುವ ದಾರಿ ಇಲ್ಲಿಂದ ತೆರೆಯಿತು. 1885ರಲ್ಲಿ ಹುಚ್ಚುನಾಯಿ ಕಚ್ಚಿದ 9 ವರ್ಷದ ಜೋಸೆಫ್ ಮೈಸ್ಟರ್‌ಗೆ ರೇಬಿಸ್ ಲಸಿಕೆ ಕೊಡಿಸಿದ್ದೂ ಇವರೇ.

1895ರ ಸೆಪ್ಟೆಂಬರ್ 28ರಂದು ಪಾಶ್ಚರ್ ನಿಧನರಾದರು. ಕೋಳಿ ಕಾಲರಾ ತರುವ ಬ್ಯಾಕ್ಟೀರಿಯಾವನ್ನು ವಿಜ್ಞಾನಿಗಳು ಈಗ ಪಾಶ್ಚುರೆಲ್ಲಾ ಎಂದು ಅವರ ಹೆಸರಿನಿಂದಲೇ ಕರೆಯುತ್ತಾರೆ.