ಪರದೇಶದ ಆಸ್ಥಾನ ಚಿತ್ರಕಾರ ವ್ಯಾನ್ ಡೈಕ್

ಇಂದಿನ ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರದಲ್ಲಿ 1599ರ ಮಾರ್ಚ್ 22ರಂದು, ರೇಷ್ಮೆ ವ್ಯಾಪಾರಿಯೊಬ್ಬರ ಏಳನೆಯ ಮಗುವಾಗಿ ಆಂಟನಿ ವ್ಯಾನ್ ಡೈಕ್ ಜನಿಸಿದರು. ಎಂಟನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡರು. ಹತ್ತರ ಹೊತ್ತಿಗೆ ಹೆಂಡ್ರಿಕ್ ವ್ಯಾನ್ ಬಾಲೆನ್ ಎಂಬ ಚಿತ್ರಕಾರರ ಶಿಷ್ಯರಾದರು. 1618ರಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ, ಊರಿನ ಕಲಾವಿದರ ಸಂಘ ಅವರನ್ನು ಸ್ವತಂತ್ರವಾಗಿ ಕೆಲಸ ಮಾಡಬಲ್ಲ ಚಿತ್ರಕಾರರೆಂದು ಒಪ್ಪಿಕೊಂಡಿತು. ಬರೋಕ್ ಯುಗದ ಮಹಾನ್ ಕಲಾವಿದ ರೂಬೆನ್ಸ್ ಅವರಿಗೆ ಮುಖ್ಯ ಸಹಾಯಕರೂ ಆದರು.

ದೊಡ್ಡ ಗುರುವಿನ ನೆರಳಿನಲ್ಲೇ ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಆದರೆ ಅವರು 1621ರಲ್ಲಿ ಇಟಲಿಗೆ ಹೊರಟು, ಸುಮಾರು ಆರು ವರ್ಷ ಅಲ್ಲಿಯೇ ದುಡಿದರು. 1624ರಲ್ಲಿ ಪಲೆರ್ಮೊ ನಗರದಲ್ಲಿ ಸೊಫೊನಿಸ್ಬಾ ಅಂಗ್ವಿಸ್ಸೊಲಾ ಎಂಬ ವೃದ್ಧ ಚಿತ್ರಕಾರ್ತಿಯನ್ನು ಕಂಡರು. ಇಟಲಿಯವರಾದ ಆಕೆಯೂ ಒಂದು ಕಾಲಕ್ಕೆ ಸ್ಪೇನಿನ ಆಸ್ಥಾನದಲ್ಲಿ ಚಿತ್ರ ಬರೆದವರು. ವಯಸ್ಸು ತೊಂಬತ್ತು ದಾಟಿ ಕಣ್ಣು ಮಂಜಾಗಿದ್ದರೂ, ಚಿತ್ರ ಬರೆಯುವಾಗ ಬೆಳಕು ತೀರಾ ಮೇಲಿನಿಂದ ಬಿದ್ದರೆ ಮುಖದ ಸುಕ್ಕುಗಳ ನೆರಳು ಗಾಢವಾಗುತ್ತದೆ ಎಂದು ಈ ತರುಣನಿಗೆ ತಿಳಿಹೇಳಿದರು. ಆಗಲೇ ಹೆಸರು ಮಾಡಿದ್ದ ವ್ಯಾನ್ ಡೈಕ್ ಆ ಮಾತನ್ನು ಶ್ರದ್ಧೆಯಿಂದ ತಮ್ಮ ಪುಸ್ತಕದಲ್ಲಿ ಬರೆದುಕೊಂಡು, ಪಕ್ಕದಲ್ಲಿ ಆಕೆಯ ಚಿತ್ರವನ್ನೂ ಬಿಡಿಸಿದರು.

1632ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಚಾರ್ಲ್ಸ್ ಅವರನ್ನು ಆಸ್ಥಾನ ಚಿತ್ರಕಾರರನ್ನಾಗಿ ನೇಮಿಸಿ 'ಸರ್' ಪದವಿ ಕೊಟ್ಟನು. ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್‌ನಲ್ಲಿ ಮನೆ, ವರ್ಷಕ್ಕೆ 200 ಪೌಂಡ್ ವೇತನವೂ ಗೊತ್ತಾಯಿತು. ದೊರೆ ಕುಳ್ಳಗಿದ್ದ, ಕೆಳಗಿನಿಂದ ತಲೆಯೆತ್ತಿ ನೋಡುವಂತೆ ಕುದುರೆಯ ಮೇಲೆ ಕೂರಿಸಿ ಬರೆದಾಗ ಅವನ ಗಾಂಭೀರ್ಯವೇ ಬೇರೆಯಾಯಿತು. ಒಂದೇ ಚಿತ್ರದಲ್ಲಿ ದೊರೆಯ ಮುಖವನ್ನು ಮೂರು ದಿಕ್ಕಿನಿಂದ ಬರೆದು ರೋಮಿಗೆ ಕಳಿಸಲಾಯಿತು. ಶಿಲ್ಪಿ ಬರ್ನಿನಿ ದೊರೆಯನ್ನು ಕಾಣದೆಯೇ, ಆ ಚಿತ್ರ ನೋಡಿ ಅಮೃತಶಿಲೆಯ ಪ್ರತಿಮೆ ಕಡೆದರು.

ಬೇಡಿಕೆ ಹೆಚ್ಚಿದಂತೆ ವ್ಯಾನ್ ಡೈಕ್ ಕೆಲಸವನ್ನು ಹಂಚಿ ಮಾಡಿಸಿದರು. ಉಡುಪಿನಂಥ ಭಾಗಗಳನ್ನು ಸಹಾಯಕರು ತುಂಬುತ್ತಿದ್ದರು. ಮುಖ ಬರೆಯುವುದು, ಕೊನೆಗೆ ಇಡೀ ಚಿತ್ರವನ್ನು ತಿದ್ದುವುದು ಅವರ ಪಾಲು. ತಂಡದಲ್ಲಿ ದುಡಿಯುವ ನಮ್ಮಂಥ ಎಂಜಿನಿಯರುಗಳಿಗೆ ಈ ಕ್ರಮ ಹೊಸದೇನಲ್ಲ.

ಆದರೆ ಒಬ್ಬನೇ ಒಡೆಯನನ್ನು ನಂಬಿದ ಬದುಕಿನ ಕಷ್ಟವೂ ಅವರಿಗೆ ಬಂತು. ಪಾರ್ಲಿಮೆಂಟಿನೊಡನೆ ಜಗಳವಾಡಿಕೊಂಡಿದ್ದ ದೊರೆಯ ಖಜಾನೆಯಲ್ಲಿ ಹಣವಿರಲಿಲ್ಲ. 1638ರ ಹೊತ್ತಿಗೆ ಐದು ವರ್ಷದ ವೇತನ ಬಾಕಿಯಿತ್ತು. ಬರೆದುಕೊಟ್ಟ ಚಿತ್ರಗಳ ಬೆಲೆಯನ್ನೂ ದೊರೆ ಇಳಿಸಿದ. ಹೊಸ ಕೆಲಸ ಹುಡುಕಿ ವ್ಯಾನ್ ಡೈಕ್ 1641ರಲ್ಲಿ ಪ್ಯಾರಿಸ್ಸಿಗೆ ಹೋದರು, ಅದು ಸಿಗಲಿಲ್ಲ. ಕಾಯಿಲೆ ಬಿದ್ದು ಲಂಡನ್ನಿಗೆ ಮರಳಿ, ಡಿಸೆಂಬರ್ 9ರಂದು ತೀರಿಕೊಂಡರು. ಆಗ ವಯಸ್ಸು ಕೇವಲ ನಲವತ್ತೆರಡು. ಮಗಳು ಹುಟ್ಟಿ ಕೆಲವೇ ದಿನಗಳಾಗಿದ್ದವು.

1649ರಲ್ಲಿ ದೊರೆಯ ತಲೆ ಕಡಿಯಲಾಯಿತು. ವ್ಯಾನ್ ಡೈಕರ ಸಮಾಧಿಯಿದ್ದ ಸೇಂಟ್ ಪಾಲ್ ಚರ್ಚು 1666ರ ಬೆಂಕಿಗೆ, ಬರ್ನಿನಿಯ ಪ್ರತಿಮೆ 1698ರ ಅರಮನೆಯ ಬೆಂಕಿಗೆ ಆಹುತಿಯಾದವು. ಚಿತ್ರಗಳು ಉಳಿದವು. ಅಜ್ಜಿಯೊಬ್ಬರ ಪಾಠ ಬರೆದುಕೊಂಡ ಆ ಪುಸ್ತಕವೂ ಉಳಿದು, ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಓದಿಗೆ, ಕೆಲಸಕ್ಕೆಂದು ಊರು ಬಿಡಲಿರುವ ನಮ್ಮ ಶಾಲೆಯ ಮಕ್ಕಳು ಇದನ್ನು ನೆನಪಿಡಲಿ: ಒಡೆಯನ ಕೃಪೆ ಇಂದು ಇದ್ದು ನಾಳೆ ಹೋಗಬಹುದು, ಗುರುಹಿರಿಯರಿಂದ ಕಲಿತದ್ದು ಹೋದ ಕಡೆಗೆಲ್ಲ ಜೊತೆಗೆ ಬರುತ್ತದೆ.